ಪಂಪಾಸ್ ಕಿತ್ತ ಕಥೆ

ಹೋದ ವರ್ಷ ಶಿವರಾತ್ರಿ ಕಳೆದ ಮೇಲೆ ಮಹಡಿ ಮೇಲೆ ಅಕ್ಕಿ ಸಂಡಿಗೆ ಇಟ್ಟಿದ್ದೆ. ಸಂಜೆ ತೆಗೆಯೋಕೆ ಹೋದರೆ ಸಂಡಿಗೆಗೆಲ್ಲ ಮೀಸೆ ಬಂದಿತ್ತು. ಒಂದೊಂದರ ಮೇಲೂ ನಾಲ್ಕೈದು ಬಿಳಿ ಕೂದಲು, ಹಸಿ ಇದ್ದಾಗ ಅಂಟಿಕೊಂಡು ಹಾಗೇ ಒಣಗಿಬಿಟ್ಟಿದೆ, ಉಗುರಲ್ಲಿ ಕೆರೆದರೂ ಬರಲ್ಲ. ಎರಡು ಸೇರು ಅಕ್ಕಿ ಸಂಡಿಗೆ ಅದು. ಎಣ್ಣೆಗೆ ಹಾಕಿದರೆ ಕೂದಲು ಸುಟ್ಟು ಹೋಗುತ್ತೆ ಬಿಡು ಅಂತ ನಮ್ಮೆಜಮಾನ್ರು ಸಮಾಧಾನ ಹೇಳಿದರು. ಅವತ್ತೇ ತೀರ್ಮಾನ ಮಾಡಿದೆ, ಈ ಹುಲ್ಲು ಇರಬೇಕು ಇಲ್ಲಾ ನಾನಿರಬೇಕು.

ಹುಲ್ಲು ಅಂದರೆ ಪಂಪಾಸ್ ಹುಲ್ಲು, ಸಂಡಿಗೆಗೆ ಅಂಟಿದ ಕೂದಲು ಅದರ ತೆನೆಯಿಂದ ಹಾರಿ ಬಂದದ್ದು. ಮೈಸೂರಿನ ಬೋಗಾದಿ ಕಡೆ ನಮ್ಮ ಮನೆ, ಮುಂದೆ ಗಿಡಕ್ಕೆ ಅಂತ ಒಂದು ಹದಿನೈದಡಿ ಜಾಗ ಬಿಟ್ಟಿದ್ದೇವೆ. 2016ರಲ್ಲಿ ಗೃಹಪ್ರವೇಶ ಆದ ಹೊಸದರಲ್ಲಿ ನರ್ಸರಿಗೆ ಹೋಗಿ ಗುಲಾಬಿ, ಕರಿಬೇವು, ನಿಂಬೆ ಎಲ್ಲ ತಗೊಂಡ ಮೇಲೂ ಕಾರಿನ ಡಿಕ್ಕಿಯಲ್ಲಿ ಜಾಗ ಉಳಿದಿತ್ತು ಅನ್ನೋ ಒಂದೇ ಕಾರಣಕ್ಕೆ ಇದನ್ನೂ ತಂದೆ. ಕಪ್ಪು ಕವರಿನಲ್ಲಿ ಮೊಣಕಾಲುದ್ದದ ಹುಲ್ಲು, 180 ರೂಪಾಯಿ. "ಮೇಂಟೆನೆನ್ಸೇ ಬೇಡ ಮೇಡಂ" ಅಂದಿದ್ದರು ನರ್ಸರಿಯವರು. ಅದು ಸುಳ್ಳಲ್ಲ. ನೀರು ಹಾಕಿದರೂ ಬೆಳೆಯಿತು, ಹಾಕದಿದ್ದರೂ ಬೆಳೆಯಿತು. ಗುಲಾಬಿ ಎರಡು ಸಲ ಸತ್ತು ಮೂರನೇ ಸಲ ತಂದೆವು, ಇದು ಮಾತ್ರ ಯಾರನ್ನೂ ಕೇಳದೆ ಬೆಳೆಯುತ್ತಾ ಹೋಯಿತು.

ಹೂ ಬಿಟ್ಟಾಗ ಚೆಂದ, ಇಲ್ಲ ಅನ್ನಲ್ಲ. ಮಳೆಗಾಲ ಮುಗಿಯೋ ಹೊತ್ತಿಗೆ ಕುದುರೆ ಬಾಲದ ಹಾಗೆ ಬಿಳಿ ತೆನೆಗಳು, ಒಂದೊಂದೂ ಎರಡಡಿ ಉದ್ದ, ಬೆಳಗಿನ ಬಿಸಿಲು ಹಿಂದಿನಿಂದ ಬಿದ್ದರೆ ಒಳಗೆ ದೀಪ ಹಚ್ಚಿಟ್ಟ ಹಾಗೆ ಕಾಣುತ್ತಿತ್ತು. ಬೀದಿಯಲ್ಲಿ ಹೋಗೋರು ನಿಂತು ಫೋಟೋ ತೆಗೀತಿದ್ದರು. ಈಗಂತೂ ಮದುವೆ ಸ್ಟೇಜು, ನಾಮಕರಣದ ಸ್ಟೇಜು, ಎಲ್ಲಿ ನೋಡಿದರೂ ಒಣ ಪಂಪಾಸೇ. ನಮ್ಮಕ್ಕನ ಮಗಳ ನಿಶ್ಚಿತಾರ್ಥಕ್ಕೆ ನಮ್ಮ ಗಿಡದಿಂದಲೇ ಮೂವತ್ತು ತೆನೆ ಕೊಯ್ದು ಕಳಿಸಿದ್ದೆ, ಡೆಕೋರೇಷನ್‌ನವರು ಕೇಳಿದ ರೇಟು ನೋಡಿದರೆ ನಾನು ಆ ದಿನ ದೊಡ್ಡ ಉಡುಗೊರೆಯನ್ನೇ ಕೊಟ್ಟಿದ್ದೆ.

ತೊಂದರೆ ಇರೋದು ತಲೆಯಲ್ಲಿ ಅಲ್ಲ, ಸೊಂಟದ ಕೆಳಗೆ. ಎಂಟು ವರ್ಷಕ್ಕೆ ಬುಡ ನಾಲ್ಕಡಿ ಅಗಲ ಆಗಿತ್ತು. ಎಲೆಗಳು ಕಾರಂಜಿ ಥರ ಸುತ್ತಲೂ ಬಾಗಿ ಗೇಟಿನ ದಾರಿಗೆ ಬರುತ್ತಿದ್ದವು. ಆ ಎಲೆಯ ಅಂಚನ್ನು ಬುಡದಿಂದ ತುದಿ ಕಡೆಗೆ ಸವರಿದರೆ ಏನೂ ಅನ್ನಿಸಲ್ಲ, ತುದಿಯಿಂದ ಬುಡಕ್ಕೆ ಸವರಿದರೆ ರಕ್ತ. ಗರಗಸದ ಹಲ್ಲಿನ ಹಾಗೆ ಅಂಚಿಗೆಲ್ಲ ಸಣ್ಣ ಮುಳ್ಳು, ಎಲ್ಲದರ ಮೂತಿಯೂ ತುದಿ ಕಡೆಗೆ. ಎಲೆಯೊಳಗೆ ಸಿಲಿಕಾ ಇರುತ್ತೆ, ಮರಳಲ್ಲಿ, ಗಾಜಲ್ಲಿ ಇರೋದೇ. ಇದರ ಊರು ದಕ್ಷಿಣ ಅಮೆರಿಕ, ಅರ್ಜೆಂಟೀನಾ, ಉರುಗ್ವೆ, ಬ್ರೆಜಿಲ್‌ನ ದಕ್ಷಿಣದ ಕಡೆ. ಅಲ್ಲಿಯ ಬಯಲಿಗೆ ಪಂಪಾ ಅಂತಾರೆ, ಹೆಸರು ಅಲ್ಲಿಂದ ಬಂದಿದ್ದು. ಅಲ್ಲಿನವರು ಹುಲ್ಲನ್ನು ಕರೆಯೋದು ಕೊರ್ತಾದೆರಾ ಅಂತ, ಸ್ಪ್ಯಾನಿಷ್‌ನಲ್ಲಿ ಕೊರ್ತಾರ್ ಅಂದರೆ ಕೊಯ್ಯೋದು. ನಾವು ಹೂ ನೋಡಿ ತಂದೆವು, ಅವರು ಎಲೆ ನೋಡಿ ಹೆಸರಿಟ್ಟರು.

ನನ್ನ ಮಗ ಮತ್ತು ಅವನ ಗ್ಯಾಂಗಿನಲ್ಲಿ ಒಂದು ರೂಲ್ಸ್ ಇತ್ತು, ಚೆಂಡು ಪಂಪಾಸಿಗೆ ಹೋದರೆ ಹೊಡೆದವನು ಔಟ್, ಚೆಂಡು ಮರೆತುಬಿಡಬೇಕು. ಒಂದು ಸಲ ಅದರೊಳಗಿಂದ ಕೇರೆ ಹಾವು ಹೊರಗೆ ಬಂದು ನಿಧಾನಕ್ಕೆ ಕಾಂಪೌಂಡ್ ದಾಟಿ ಹೋಯಿತು. ಕೇರೆ ಏನೂ ಮಾಡಲ್ಲ ಅಂತ ಗೊತ್ತು. ಆದರೆ ಕೇರೆ ಇದೆ ಅಂದರೆ ಇಲಿ ಇದೆ ಅಂತಲೂ ಗೊತ್ತು.

ಸರಿ, ತೆಗೆಯೋದು ಹೇಗೆ? ಕೇಳಿದವರೆಲ್ಲ ಒಂದೊಂದು ಹೇಳಿದರು. ಜೆಸಿಬಿ ಕರೆಸಿ ಅಂದರು. ನಮ್ಮ ಗೇಟಿನಲ್ಲಿ ಸ್ಕೂಟರು, ಕಾರು ಬಿಟ್ಟರೆ ಬೇರೇನೂ ನುಗ್ಗಲ್ಲ, ಮೇಲಾಗಿ ಹುಲ್ಲಿನಿಂದ ಮೂರಡಿ ದೂರದಲ್ಲಿ ಯುಜಿಡಿ, ಅಂದರೆ ಒಳಚರಂಡಿ ಪೈಪು ಹೋಗಿದೆ, ಅದನ್ನು ಕಿತ್ತರೆ ಹುಲ್ಲಿನ ಕಥೆ ಮರೆತು ಬೇರೆ ಕಥೆ ಬರೀಬೇಕಾಗುತ್ತೆ. ಬೆಂಕಿ ಹಚ್ಚಿ ಅಂದರು ಇನ್ನೊಬ್ಬರು. ಮನೆ ಗೋಡೆಯಿಂದ ಆರಡಿ ದೂರದಲ್ಲಿ ಹತ್ತಡಿ ಎತ್ತರದ ಒಣ ಹುಲ್ಲಿಗೆ ಬೆಂಕಿ! ಅದೂ ಅಲ್ಲದೆ ಹುಲ್ಲು ಬೆಂಕಿಗೆ ಸಾಯಲ್ಲ. ಮರಕ್ಕೆ ಚಿಗುರು ತುದಿಯಲ್ಲಿ, ಹುಲ್ಲಿಗೆ ಬುಡದಲ್ಲಿ, ಅದಕ್ಕೇ ದನ ಮೇಯ್ದರೂ ಮತ್ತೆ ಬರುತ್ತೆ, ಮೆಷಿನ್ ಓಡಿಸಿದರೂ ಮತ್ತೆ ಬರುತ್ತೆ, ಮೇಲೆ ಉರಿದು ಹೋದರೂ ಮತ್ತೆ ಬರುತ್ತೆ.

ಔಷಧಿ ಅಂಗಡಿಯವರು, ಅಂದರೆ ಗೊಬ್ಬರದ ಅಂಗಡಿಯವರು, ಕಳೆನಾಶಕ ಹೊಡೀರಿ ಅಂದರು. ಗ್ಲೈಫೋಸೇಟ್. ಅದನ್ನು ಪೆಸ್ಟ್ ಕಂಟ್ರೋಲ್‌ನವರ ಕೈಯಲ್ಲೇ ಹೊಡೆಸಬೇಕು ಅಂತ 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಆದೇಶ ಮಾಡಿದ್ದು ಓದಿದ್ದೆ. ಅದು ಹಸಿರು ಎಲೆ ಮೇಲೆ ಬಿದ್ದು, ಎಲೆಯಿಂದ ಬುಡಕ್ಕೆ ಇಳಿದರೆ ಮಾತ್ರ ಕೆಲಸ ಮಾಡೋ ಔಷಧಿ. ನಮ್ಮ ಹುಲ್ಲಿನಲ್ಲಿ ಅರ್ಧಕ್ಕರ್ಧ ಒಣಗಿದ ಎಲೆಯೇ. ಪಕ್ಕದಲ್ಲೇ ಕರಿಬೇವು, ದಿನಾ ಒಗ್ಗರಣೆಗೆ ಹಾಕೋದು ಅದೇ. ಬೇಡ ಅಂತ ಬಂದೆ.

ಕೊನೆಗೆ ಏಪ್ರಿಲ್‌ನಲ್ಲಿ ಒಂದು ಭಾನುವಾರ ನಾವೇ ಕುಡುಗೋಲು ಹಿಡಿದು ಇಳಿದೆವು. ಇದೊಂದು ದೊಡ್ಡ ತಪ್ಪು, ಬರೆಯೋಕೂ ನಾಚಿಕೆ. ಕೈತೋಟಕ್ಕೆ ಅಂತ ತಂದಿದ್ದ ಬಟ್ಟೆ ಗ್ಲೌಸು ಹತ್ತೇ ನಿಮಿಷಕ್ಕೆ ಚಿಂದಿ. ಕುಡುಗೋಲಿಗೆ ಒಂದು ಹಿಡಿ ಎಲೆ ಸಿಕ್ಕಿದರೆ ಉಳಿದ ಇನ್ನೂರು ಎಲೆ ಬಂದು ಮುಖಕ್ಕೆ ಹೊಡೆಯುತ್ತೆ. ನೆಲ ಇಟ್ಟಿಗೆ ಥರ, ಪಿಕಾಸಿ ಹಾಕಿದರೆ ಟಣ್ ಅಂತ ವಾಪಸ್ ಬರುತ್ತೆ. ಎರಡು ಗಂಟೆ ಗುದ್ದಾಡಿ ಹುಲ್ಲಿನ ಒಂದು ಪಕ್ಕಕ್ಕೆ ಕೆಟ್ಟದಾಗಿ ಕಟಿಂಗ್ ಮಾಡಿದ ಹಾಗೆ ಮಾಡಿ, ಕೈಗೆಲ್ಲ ಬರ್ನಾಲ್ ಹಚ್ಚಿಕೊಂಡು ಕೂತೆವು. ಸುಟ್ಟ ಗಾಯಕ್ಕೆ ಹಚ್ಚೋದನ್ನ ಗೀರಿದ್ದಕ್ಕೆ ಯಾಕೆ ಹಚ್ಚಿದೆವೋ ಗೊತ್ತಿಲ್ಲ, ಮನೆಯಲ್ಲಿ ಅದೇ ಇತ್ತು.

ಅದಾಗಿ ಒಂದು ವಾರಕ್ಕೆ ಅಪ್ಪ ಬಂದರು. ಅಪ್ಪ ಪಾಂಡವಪುರದ ಕಡೆಯವರು, ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ನೀರಲ್ಲಿ ನಲವತ್ತು ವರ್ಷ ಕಬ್ಬು ಬೆಳೆದವರು. ಗೇಟು ತೆಗೆದವರೇ ಅರ್ಧಂಬರ್ಧ ಕತ್ತರಿಸಿದ ಪಂಪಾಸಿನ ಮುಂದೆ ನಿಂತು ನಕ್ಕರು.

"ಇದೇನವ್ವ, ಕಬ್ಬನ್ನ ಕೂಳೆ ಬಿಟ್ಟಂಗೆ ಬಿಟ್ಟಿದ್ದೀಯ?"

ನನಗೆ ಅಲ್ಲಿವರೆಗೆ ಹೊಳೆದೇ ಇರಲಿಲ್ಲ. ಕಬ್ಬೂ ಹುಲ್ಲೇ ಅಲ್ವಾ. ರಾಗಿ, ಭತ್ತ, ಜೋಳ, ಬಿದಿರು, ಎಲ್ಲ ಒಂದೇ ಕುಲ. ಕಬ್ಬು ಕಡಿದ ಮೇಲೆ ಬುಡದಿಂದ ಮತ್ತೆ ಚಿಗುರುತ್ತಲ್ಲ, ಅದು ಕೂಳೆ. ಒಂದು ಕೂಳೆ, ಎರಡು ಕೂಳೆ ಬಿಟ್ಟುಕೊಂಡು ಆಮೇಲೆ ಇಳುವರಿ ಇಳಿದಾಗ ಬುಡ ಕಿತ್ತು ಹೊಸದಾಗಿ ನೆಡ್ತಾರೆ. ಅಂದರೆ ನಾನು ಒಂದು ಬುಡ ಕೀಳೋಕೆ ಊರೆಲ್ಲ ಕೇಳಿಕೊಂಡು ಒದ್ದಾಡುತ್ತಿದ್ದೆ, ಅಪ್ಪ ಎಕರೆಗಟ್ಟಲೆ ಬುಡ ಕಿತ್ತವರು. ಹತ್ತು ವೀಡಿಯೊ ನೋಡಿದ್ದೆ, ಅವರಿಗೆ ಒಂದು ಫೋನ್ ಮಾಡಿರಲಿಲ್ಲ.

"ಮಳೆ ಬೀಳ್ಲಿ ತಡಿ" ಅಂದರು. "ಒಣ ನೆಲಕ್ಕೆ ಹಾರೆ ಹಾಕಿದ್ರೆ ನಿನ್ ರಟ್ಟೆ ಹೋಯ್ತದೆ, ಹುಲ್ಲು ಹೋಗಾಕಿಲ್ಲ." ಕೃತ್ತಿಕೆ ಮಳೆ ಎರಡು ದಿನ ಚೆನ್ನಾಗಿ ಬಿತ್ತು. ಮೇ ಮೂರನೇ ವಾರ. ಮೂರನೇ ದಿನ ಅಪ್ಪ ಊರಿಂದ ಬಸ್ಸಿನಲ್ಲಿ ಹಾರೆ, ಕೊಡಲಿ ಹಿಡಿದುಕೊಂಡು ಬಂದರು. ಕಂಡಕ್ಟರು ಏನೂ ಅನ್ನಲಿಲ್ವಾ ಅಂತ ಕೇಳಿದೆ. ಹಾರೆಗೆ ಲಗೇಜ್ ಟಿಕೆಟ್ ತಗೋ ಅಂದನಂತೆ, ಕೊಡಲಿಯನ್ನ ಪಂಚೆಯಲ್ಲಿ ಸುತ್ತಿದ್ದರಂತೆ.

ಈ ಸಲ ತುಂಬು ತೋಳಿನ ಹಳೇ ಶರ್ಟು, ಜೀನ್ಸು, ವೆಲ್ಡಿಂಗ್‌ನವರು ಹಾಕೋ ಚರ್ಮದ ಗ್ಲೌಸು, ಕಣ್ಣಿಗೆ ಕನ್ನಡಕ. ಗ್ಲೌಸು ಹಾರ್ಡ್‌ವೇರ್ ಅಂಗಡಿಯಲ್ಲೇ ಸಿಗುತ್ತೆ, ಇದೊಂದರಲ್ಲಿ ಮಾತ್ರ ದುಡ್ಡು ಉಳಿಸಬೇಡಿ. ಅಪ್ಪ ಏನೂ ಹಾಕಿಕೊಳ್ಳಲಿಲ್ಲ, ಬರೀ ಟವೆಲನ್ನ ತಲೆಗೆ ಸುತ್ತಿದರು. ಮೊದಲು ಉದ್ದನೆ ಕೋಲು ತಗೊಂಡು ಬುಡದ ಸುತ್ತ ಐದು ನಿಮಿಷ ನೆಲಕ್ಕೆ ಬಡಿದರು, ಒಳಗಿರೋರು ಎದ್ದು ಹೋಗಲಿ ಅಂತ. ಒಂದು ಕಪ್ಪೆ ಬಂತು, ಎರಡು ಇಲಿ ಓಡಿದವು. ಹಾವು ಇರಲಿಲ್ಲ. ಇದ್ದಿದ್ದರೂ ನಾನಂತೂ ನೋಡೋಕೆ ಇರುತ್ತಿರಲಿಲ್ಲ, ವರಾಂಡದ ಮೇಲಿದ್ದೆ.

ಆಮೇಲೆ ಕಟ್ಟಿದ್ದು. ಮುಖಕ್ಕೆ ಬಂದು ಹೊಡೆಯೋ ಎಲೆಗೆ ಅಪ್ಪನ ಉಪಾಯ ಸುಲಭ, ಭತ್ತದ ಹೊರೆ ಕಟ್ಟೋ ಹಾಗೆ ಇಡೀ ಪೊದೆಯನ್ನು ಕಟ್ಟಿಬಿಡೋದು. ಹಗ್ಗ ಎಲೆಯ ನಡುವೆ ಜಾರುತ್ತೆ, ಅದಕ್ಕೆ ಅಗಲವಾದ ಬಟ್ಟೆ ಬೇಕು. ನನ್ನದೊಂದು ಹಳೇ ಕಾಟನ್ ಸೀರೆ ಕೊಟ್ಟೆ. ಒಂದು ತುದಿ ಅಪ್ಪ, ಇನ್ನೊಂದು ತುದಿ ನಮ್ಮೆಜಮಾನ್ರು ಹಿಡಿದು ಎದುರು ಬದುರು ಸುತ್ತುತ್ತಾ, ಎದೆ ಮಟ್ಟಕ್ಕೆ ಒಂದು ಕಟ್ಟು, ಮೇಲೆ ಇನ್ನೊಂದು ಕಟ್ಟು. ಮಾವ ಅಳಿಯ ಸೇರಿ ಹುಲ್ಲಿಗೆ ಸೀರೆ ಉಡಿಸುತ್ತಿದ್ದದ್ದನ್ನ ನೋಡಿ ಬೀದಿಯಲ್ಲಿ ಹೋಗೋರು ಮತ್ತೆ ಫೋಟೋ ತೆಗೆದರು. ಕಟ್ಟಿದ ಮೇಲೆ ಹತ್ತಡಿ ಅಗಲದ ಪೊದೆ ಮೂರಡಿ ಕಂಬ ಆಯಿತು. ಬುಡಕ್ಕೆ ಕೈ ಹೋಗೋ ಹಾಗಾಯಿತು. ನೆಲದಿಂದ ಒಂದೂವರೆ ಅಡಿ ಬಿಟ್ಟು ಗರಗಸದಲ್ಲಿ ಸುತ್ತಲೂ ಕೊಯ್ದೆವು. ಮಚ್ಚು ಪುಟಿಯುತ್ತೆ, ಕುಡುಗೋಲಿಗೆ ಒಣ ಎಲೆ ಸುತ್ತಿಕೊಳ್ಳುತ್ತೆ, ಕೊಂಬೆ ಕೊಯ್ಯೋ ಸಣ್ಣ ಬಾಗು ಗರಗಸ ಇದೆಯಲ್ಲ, ಅದೇ ಬೆಸ್ಟು. ಇಡೀ ಕಟ್ಟು ಸೀರೆ ಸಮೇತ ಒಂದೇ ಸಲಕ್ಕೆ ಉರುಳಿತು.

ಒಳಗೆ ಏನೇನಿತ್ತು ಗೊತ್ತಾ? ಹನ್ನೊಂದು ಚೆಂಡು. ಅದರಲ್ಲಿ ನಾಲ್ಕು ಇನ್ನೂ ಪುಟಿಯುತ್ತಿದ್ದವು. ಒಂದು ಸ್ಟೀಲ್ ಚಮಚ, ಯಾರದೋ ಮಗುವಿನ ಎಡಗಾಲಿನ ಚಪ್ಪಲಿ, ಒಂದು ಟಿವಿ ರಿಮೋಟಿನ ಹಿಂದಿನ ಮುಚ್ಚಳ. ಮತ್ತೆ ಇಲಿ ಗೂಡು. ಪಂಪಾಸಿನ ತೆನೆಯ ಕೂದಲನ್ನೇ ಎಳೆ ಎಳೆ ತಂದು ಬಟ್ಟಲಿನ ಹಾಗೆ ಗುಂಡಗೆ ಹೆಣೆದಿತ್ತು, ಒಳಗೆ ಕೈ ಇಟ್ಟರೆ ಹತ್ತಿಗಿಂತ ಮೆತ್ತಗೆ. ಮರಿ ಇರಲಿಲ್ಲ. ಸಂಡಿಗೆಗೆ ಬೀಳೋ ಕೂದಲು ಇವರಿಗಾದರೂ ಉಪಯೋಗಕ್ಕೆ ಬಂದಿದೆ ಅಂದುಕೊಂಡೆ.

ಉಳಿದದ್ದು ಬುಡ. ದೊಡ್ಡ ಜರಡಿಯಷ್ಟು ಅಗಲ ಅಂದುಕೊಂಡಿದ್ದೆ, ಎಲೆ ಹೋದ ಮೇಲೆ ನೋಡಿದರೆ ಎತ್ತಿನ ಗಾಡಿ ಚಕ್ರದಷ್ಟಿತ್ತು. ಮಧ್ಯದಲ್ಲಿ ಸತ್ತು ಕಪ್ಪಗಾಗಿ ಟೊಳ್ಳು, ಜೀವ ಇದ್ದದ್ದೆಲ್ಲ ಸುತ್ತಲಿನ ಬಳೆಯಲ್ಲಿ. ಹಳೇ ಬುಡ ಹೀಗೇ ಆಗುತ್ತೆ, ನಡುವೆ ಸಾಯ್ತಾ ಹೊರಕ್ಕೆ ಹಬ್ಬುತ್ತಾ ಹೋಗುತ್ತೆ. ನಾನು ಬೇರು ನೋಡಿ ಹೆದರಿದ್ದೆ. ತೆಂಗಿನ ಬೇರಿನ ಹಾಗೆ ದಾರ ದಾರವಾಗಿ ಆಳಕ್ಕೆ ಇಳಿದಿದೆ, ಎಷ್ಟು ಅಗೆದರೂ ಮುಗಿಯಲ್ಲ. ಇದನ್ನೆಲ್ಲ ತೆಗೆಯೋಕೆ ಒಂದು ಬಾವಿಯೇ ತೋಡಬೇಕು ಅಂದೆ.

"ಬೇರೆಲ್ಲ ಯಾಕವ್ವ ಕೀಳ್ತೀಯ?" ಅಂದರು ಅಪ್ಪ. "ಕಣ್ಣಿರಾದು ಗೆಣ್ಣಲ್ಲಿ. ಗೆಣ್ಣು ತೆಗುದ್ರೆ ಮುಗೀತು. ಬೇರು ಅಲ್ಲೇ ಕೊಳ್ತು ಗೊಬ್ಬರ ಆಯ್ತದೆ."

ಒಂದು ಸಣ್ಣ ಸಿಪ್ಪೆ ಕಿತ್ತು ಕೈಯಲ್ಲಿಟ್ಟು ತೋರಿಸಿದರು. ಹೆಬ್ಬೆರಳು ಗಾತ್ರದ ಕಡ್ಡಿ, ಹಳದಿ ಬಿಳಿ, ಒತ್ತೊತ್ತಾಗಿ ಗೆಣ್ಣು, ಒಂದೊಂದು ಗೆಣ್ಣಿನ ಪಕ್ಕದಲ್ಲೂ ಅಕ್ಕಿ ಕಾಳಿನಷ್ಟು ಮೊಳಕೆ. ಕಬ್ಬಿನ ತುಂಡಿನ ಮೇಲೆ ಕಣ್ಣು ಇರುತ್ತಲ್ಲ, ಥೇಟ್ ಅದೇ, ಬರೀ ಪುಟ್ಟದು. ಆ ಗೆಣ್ಣುಗಳೆಲ್ಲ ಮೇಲಿನ ಒಂದಡಿಯಲ್ಲೇ ಇರೋದು. ಕೆಳಗಿರೋದು ಬರೀ ಬೇರು, ಅದರಿಂದ ಚಿಗುರು ಬರಲ್ಲ. ಇದೊಂದು ಗೊತ್ತಾಗಿದ್ದೇ ಅರ್ಧ ಕೆಲಸ ಮುಗಿದ ಹಾಗಾಯಿತು. ಬಾವಿ ಬೇಡ, ಗುಂಡಿ ಸಾಕು.

ಸುತ್ತಲೂ ಒಂದಡಿ ಅಗಲ, ಒಂದೂವರೆ ಅಡಿ ಆಳಕ್ಕೆ ಕಾಲುವೆ ತೋಡಿದೆವು. ಮಳೆ ಬಿದ್ದ ಕೆಮ್ಮಣ್ಣು, ಗುದ್ದಲಿಗೆ ಬೆಣ್ಣೆ ಥರ ಬಂತು. ಆಮೇಲೆ ಅಪ್ಪ ಬುಡದ ಮೇಲೆ ನಿಂತು ಕೊಡಲಿಯಲ್ಲಿ ಹಲಸಿನ ಹಣ್ಣು ಸೀಳೋ ಹಾಗೆ ಸೀಳಿದರು. ಇಡಿಯಾಗಿ ಎತ್ತೋಕೆ ಹೋಗಬೇಡಿ, ಅದು ಏಳೋದಿಲ್ಲ, ಎದ್ದರೂ ನಾಲ್ಕು ಜನರಿಗೆ ಹೊರೋಕೆ ಆಗಲ್ಲ. ಸೀಳಿನ ತುಂಡಿನ ಅಡಿಗೆ ಕಾಲುವೆಯಿಂದ ಹಾರೆ ತೂರಿಸಿ, ಹಾರೆಯ ಕೆಳಗೆ ಒಂದು ಕಲ್ಲು ಕೊಟ್ಟು, ಇನ್ನೊಂದು ತುದಿಗೆ ಇಬ್ಬರು ಭಾರ ಬಿಟ್ಟರೆ ಬೇರುಗಳು ಪಟ ಪಟ ಅಂತ ಒಂದೊಂದೇ ಕಿತ್ತುಕೊಳ್ಳುತ್ತವೆ. ಆ ಸದ್ದು ನನಗೆ ಎಷ್ಟು ಇಷ್ಟವಾಯಿತು ಅಂದರೆ, ಮೂರನೇ ತುಂಡಿನಿಂದ ನಾನೇ ಹಾರೆ ಮೇಲೆ ಕೂತೆ. ಒಟ್ಟು ಎಂಟು ತುಂಡು. ಐದನೇದಕ್ಕೆ ಕೊಡಲಿ ಕಾವು ಮುರಿಯಿತು, ಅಲ್ಲಿಗೆ ಮೊದಲ ದಿನ ಮುಗಿಯಿತು. ಹೊಸ ಕಾವು ಹಾಕಿಸಿಕೊಂಡು ಮಾರನೇ ದಿನ ಮಧ್ಯಾಹ್ನದೊಳಗೆ ಉಳಿದ ಮೂರು. ಅಪ್ಪನಿಗೆ ಎಪ್ಪತ್ತೊಂದು. ಅಳಿಯ ಎರಡು ದಿನ ಸೊಂಟಕ್ಕೆ ಬಿಸಿನೀರಿನ ಚೀಲ ಇಟ್ಟುಕೊಂಡು ಓಡಾಡಿದರು.

ತೆಗೆದದ್ದನ್ನು ಹಾಕೋದು ಎಲ್ಲಿ ಅನ್ನೋದು ಮುಂಚೆಯೇ ಯೋಚನೆ ಮಾಡಬೇಕಿತ್ತು. ಕಸದ ಗಾಡಿಯವರು ನೋಡಿದವರೇ ಕೈ ಮುಗಿದರು, ಅವರದೇನೂ ತಪ್ಪಿಲ್ಲ. ಹಿಂದಿನ ಬೀದಿಯ ಹಸುವಿಗೆ ಎಲೆ ಹಾಕಿದೆವು, ಮೂಸಿ ನೋಡಿ ಮುಖ ತಿರುಗಿಸಿತು. ಕೊನೆಗೆ ಎಲೆಯನ್ನೆಲ್ಲ ಒಂದೊಂದಡಿಗೆ ಕತ್ತರಿಸಿ ಹಿತ್ತಿಲ ತೆಂಗಿನ ಪಾತಿಗೆ ಹೊದಿಸಿದೆ. ಬೀಜದ ಭಯ ಇರಲಿಲ್ಲ. ಈ ಹುಲ್ಲಿನಲ್ಲಿ ಹೆಣ್ಣು ಗಿಡ ಒಂಟಿಯಾಗಿದ್ದರೆ ಬೀಜ ಕಟ್ಟಲ್ಲ, ನಮ್ಮದು ಅದೇ ಇರಬೇಕು, ಎಂಟು ವರ್ಷದಲ್ಲಿ ಬೀದಿಯಲ್ಲಿ ಒಂದು ಮರಿ ಹುಟ್ಟಿರಲಿಲ್ಲ. ಜೋಡಿ ಸಿಕ್ಕಿದ ಕಡೆ ಮಾತ್ರ ಇದರ ಅವತಾರವೇ ಬೇರೆ. ಕ್ಯಾಲಿಫೋರ್ನಿಯಾದಲ್ಲಿ ಹತ್ತೊಂಬತ್ತನೇ ಶತಮಾನದಲ್ಲಿ ಈ ತೆನೆಗಾಗಿಯೇ ತೋಟ ಮಾಡಿ ಮಾರುತ್ತಿದ್ದರು, ಆಗಲೂ ಹೀಗೇ ಅಲಂಕಾರದ ಹುಚ್ಚು. ಈಗ ಅಲ್ಲಿಯ ಕರಾವಳಿ ಗುಡ್ಡಗಳಿಂದ ಇದನ್ನ ಕಿತ್ತು ಕಿತ್ತು ಸಾಕಾಗಿದ್ದಾರೆ. ನ್ಯೂಜಿಲೆಂಡ್‌ನಲ್ಲಂತೂ ಮಾರೋ ಹಾಗೇ ಇಲ್ಲ. ಅದಕ್ಕೇ ಗಾಳಿಯಲ್ಲಿ ಹಾರೋ ತೆನೆ ಇದ್ದರೆ ಮೊದಲು ಅದನ್ನ ಕೊಯ್ದು ಚೀಲಕ್ಕೆ ಹಾಕಿ ಬಾಯಿ ಕಟ್ಟಿ, ಆಮೇಲೆ ಉಳಿದ ಕೆಲಸ.

ಎಂಟು ತುಂಡುಗಳ ಮಣ್ಣು ಉದುರಿಸಿ, ಬೇರು ಮೇಲೆ ಬರೋ ಹಾಗೆ ತಲೆಕೆಳಗು ಮಾಡಿ ಮಹಡಿ ಮೇಲೆ ಸಾಲಾಗಿ ಒಣಗೋಕೆ ಇಟ್ಟೆವು. ನೆಲದ ಮೇಲೆ ಬಿಟ್ಟರೆ ಮೂಲೆಯಲ್ಲಿ ಸಿಕ್ಕಿದ ತೇವಕ್ಕೇ ಬೇರು ಬಿಡುತ್ತೆ ಅಂತ ಅಪ್ಪ ಹೇಳಿದ್ದರು. ಸಂಡಿಗೆ ಇಡೋ ಜಾಗದಲ್ಲಿ ಪಂಪಾಸನ್ನ ಒಣಗಿಸುವಾಗ ಒಂಥರಾ ಸಮಾಧಾನ ಆಯಿತು, ಸುಳ್ಳು ಯಾಕೆ ಹೇಳಲಿ. ಆಗಾಗ ಮಳೆ ಬಂದಿದ್ದರಿಂದ ಪೂರ್ತಿ ಒಣಗೋಕೆ ಎರಡು ತಿಂಗಳ ಮೇಲೆ ಹಿಡಿಯಿತು.

ಚಿಗುರು ಬಂತಾ? ಬಂತು. ಜೂನ್ ಕೊನೆಗೆ ಗುಂಡಿ ಮುಚ್ಚಿದ ಜಾಗದಲ್ಲಿ ಏಳು ಕಡೆ ಸೂಜಿ ಥರ ಎದ್ದಿತ್ತು. ಬೆರಳಲ್ಲಿ ಹಿಡಿದು ಎಳೆದರೆ ಎಲೆ ಮಾತ್ರ ಕೈಗೆ ಬರುತ್ತೆ, ಸನಿಕೆ ಹಾಕಿ ಕೆದಕಿದರೆ ಕೆಳಗೆ ಒಂದು ಗೆಣ್ಣಿನ ತುಂಡು ಇದ್ದೇ ಇರುತ್ತೆ, ಕೊಡಲಿ ಹೊಡೆತಕ್ಕೆ ಸಿಡಿದು ಮಣ್ಣಲ್ಲಿ ಸೇರಿಕೊಂಡಿದ್ದು. ಶನಿವಾರ ಶನಿವಾರ ನೋಡಿ ತೆಗೆದೆ. ಆಗಸ್ಟ್ ಹೊತ್ತಿಗೆ ಮೂರು, ದಸರಾ ಹೊತ್ತಿಗೆ ಒಂದು. ಆ ಜಾಗಕ್ಕೆ ಎರಡು ಬಾಂಡ್ಲಿ ಕೊಟ್ಟಿಗೆ ಗೊಬ್ಬರ ಹಾಕಿ ಅವರೆ ಹಾಕಿದ್ದೆ, ಈ ಸಲ ಸೊಗಡು ಅವರೆಕಾಯಿ ಮನೇದೇ. ಬೇರು ಕೊಳೀತಿರೋ ಕಡೆಯೇ ಬಳ್ಳಿ ಹೆಚ್ಚು ಹಸಿರಾಗಿತ್ತು ಅಂತ ನನಗೆ ಅನ್ನಿಸಿತು, ನಮ್ಮೆಜಮಾನ್ರು ಅದೆಲ್ಲ ನಿನ್ನ ಭ್ರಮೆ ಅಂತಾರೆ.

ಒಂದು ವಿಷಯ ಬಿಟ್ಟೆ. ಎದುರು ಮನೆ ಆಂಟಿ, ನಾವು ಕೀಳ್ತಿದ್ದ ದಿನ ಬಂದು "ನಂಗೊಂದ್ ತುಂಡು ಕೊಡಮ್ಮ, ಎಷ್ಟು ಚೆನ್ನಾಗಿ ಹೂ ಬಿಡ್ತಿತ್ತು" ಅಂತ ಕೇಳಿದ್ದರು. ಬೇಡ ಆಂಟಿ, ನನ್ನ ಕೈ ನೋಡಿ ಅಂತ ತೋಳು ತೋರಿಸಿದ್ದೆ. ಸ್ವಲ್ಪ ಬೇಜಾರಾದರು, ಸುಮ್ನೆ ಹೋದರು. ಎಂಟು ತುಂಡು ಅಂತ ಬರೆದೆನಲ್ಲ, ಒಣಗಿದ ಮೇಲೆ ಎಣಿಸಿದಾಗ ಏಳೇ ಇದ್ದವು, ನಾನೇ ತಪ್ಪು ಎಣಿಸಿರಬೇಕು ಅಂದುಕೊಂಡಿದ್ದೆ. ಹೋದ ವಾರ ಬಟ್ಟೆ ಒಣಗಿಸೋಕೆ ಮಹಡಿ ಹತ್ತಿದರೆ ಅವರ ಮಹಡಿ ಮೇಲೆ, ನೀರಿನ ಟ್ಯಾಂಕಿನ ಪಕ್ಕ, ಇಪ್ಪತ್ತು ಲೀಟರಿನ ಪೇಂಟ್ ಬಕೆಟ್ಟಿನಲ್ಲಿ ಮೊಣಕಾಲುದ್ದದ ಹುಲ್ಲು ನಿಂತಿತ್ತು.